ಕ್ರಾಫ್ಟ್ ಮೇಷ್ಟ್ರು ಗೀರಿದ ಗೆರೆ

ಹೋದ ವರ್ಷ ಶಿವರಾತ್ರಿ ಕಳೆದು ಒಂದು ವಾರಕ್ಕೆ ನಮ್ಮೂರ ಶಾಲೆಯ ಅಟ್ಟದಿಂದ ಒಂದು ತೆಂಗಿನಕಾಯಿ ಕೆಳಗಿಳಿಯಿತು. ಅಟ್ಟ ಹತ್ತಿದ್ದ ಆಳು ಹರಿದ ಭೂಪಟ, ಕಾಲು ಮುರಿದ ಬೆಂಚು, ಇಲಿ ತಿಂದ ರಿಜಿಸ್ಟರುಗಳ ಕಟ್ಟು ಎಲ್ಲವನ್ನೂ ಒಂದೊಂದಾಗಿ ಕೆಳಗೆ ಕೊಡುತ್ತಿದ್ದ. ಕೊನೆಗೆ, "ಮೂಲೇಲಿ ಒಂದು ಕಾಯಿ ಐತೆ ಕಣ್ರಪ್ಪ" ಎಂದು ಅದನ್ನೂ ಇಳಿಸಿದ. ಮೇಲಿನ ನಾರಿನ ಮಟ್ಟೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೈಗೆ ತೆಗೆದುಕೊಂಡರೆ ತೂಕವೇ ಇಲ್ಲ. ನಮ್ಮ ಕಡೆ ಯಾರ ಕೈಗೆ ಕಾಯಿ ಸಿಕ್ಕರೂ ಮೊದಲು ಮಾಡುವ ಕೆಲಸ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ನಾನೂ ಅಲ್ಲಾಡಿಸಿದೆ. ಒಳಗೆ ಕೊಬ್ಬರಿಯ ಉಂಡೆ ಗಡಗಡ ಉರುಳಿತು. ಮಟ್ಟೆಯ ಬಿರುಕಿನಿಂದ ಹಳೇ ಎಣ್ಣೆಯ ಕಮಟು ವಾಸನೆ ಬಂತು. ಆ ವಾಸನೆ ಮೂಗಿಗೆ ಹತ್ತಿದ್ದೇ ಅದು ಯಾವ ಕಾಯಿ ಎಂದು ನನಗೆ ಗೊತ್ತಾಯಿತು.

ಉಳಿದವರೆಲ್ಲ ನಗುತ್ತಿದ್ದರು. ಶಾಲೆಯ ಅಟ್ಟಕ್ಕೆ ಕಾಯಿ ಹೇಗೆ ಹೋಯಿತು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕೋತಿ ಎತ್ತಿಕೊಂಡು ಹೋಗಿರಬೇಕು ಎಂದ ನನ್ನ ತಮ್ಮ. ಅವನೇ ಈಗ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆ ಕಾಯಿ ಯಾರ ತೋಟದ್ದು, ಅಲ್ಲಿಗೆ ಏರಿಸಿದವರು ಯಾರು, ಅದರ ಜೊತೆಗಿದ್ದ ರಾಶಿಯನ್ನೆಲ್ಲ ಇಳಿಸಿ ಇದೊಂದನ್ನು ಬಿಟ್ಟವರು ಯಾರು... ಇದೆಲ್ಲ ಗೊತ್ತಿದ್ದವರು ಅಲ್ಲಿ ಮೂರ್ನಾಲ್ಕು ಜನ ಇದ್ದಿರಬೇಕು. ನಮ್ಮ ಮನೆಯ ಮುಲಾಜಿಗೆ ಅವರು ಬಾಯಿ ಬಿಡುತ್ತಿರಲಿಲ್ಲ. ನಾನು ಬಿಡುತ್ತಿರಲಿಲ್ಲವಲ್ಲ, ಅದಕ್ಕೆ ಹೆಸರು ಮುಲಾಜು ಅಲ್ಲ, ಪುಕ್ಕಲುತನ.

ಇದೊಂದನ್ನು ಬಿಟ್ಟವರು ನಮ್ಮ ಕ್ರಾಫ್ಟ್ ಮೇಷ್ಟ್ರು.

ನಮ್ಮ ಶಾಲೆ ಮಹಾರಾಜರ ಕಾಲದ್ದು. ಹೊನ್ನವಳ್ಳಿ ಕಡೆಯಿಂದ ಬರುವ ರಸ್ತೆ ನಮ್ಮೂರಿಗೆ ತಿರುಗುವ ಕಡೆಯಲ್ಲೇ ಇದೆ. ಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ನಡುವಿನ ದೊಡ್ಡ ಕೊಠಡಿಯ ಅಡ್ಡಕ್ಕೆ ಒಂದೇ ಮರದ ಉದ್ದನೆಯ ತೇಗದ ತೊಲೆ, ಅದರ ಮೇಲೆ ಹಲಗೆ ಜೋಡಿಸಿದ ಅಟ್ಟ. ಸುತ್ತ ಎಷ್ಟು ಬಿಸಿಲಿದ್ದರೂ ಒಳಗೆ ತಣ್ಣಗಿರುತ್ತಿತ್ತು. ನಮ್ಮಜ್ಜ ಅಲ್ಲಿ ಓದಿದ್ದ, ಅಪ್ಪ ಓದಿದ್ದರು, ನಾನು ಓದಿದೆ, ತಮ್ಮ ಓದಿದ. ಆ ತೊಲೆ ನಡುವೆ ಬಗ್ಗಿತ್ತು. ಬಾಗಿಲಲ್ಲಿ ನಿಂತು ನೋಡಿದರೆ ಯಾರಿಗಾದರೂ ಕಾಣುವಷ್ಟು ಬಗ್ಗಿತ್ತು. ಎರಡು ವರ್ಷದ ಹಿಂದೆ ಪರೀಕ್ಷಿಸಲು ಬಂದವರು ಅದು ಯಾವಾಗ ಬಗ್ಗಿದ್ದು ಎಂದು ಕೇಳಿದರಂತೆ. ಚಿಕ್ಕಂದಿನಿಂದ ಅದನ್ನು ಹಾಗೆಯೇ ನೋಡಿದವರು ಬಗ್ಗಿದೆಯೆಂದು ಗಮನಿಸಿಯೇ ಇರಲಿಲ್ಲ, ಗೊತ್ತಿದ್ದವರು ಬಾಯಿ ಬಿಡಲಿಲ್ಲ; ಗೊತ್ತಿಲ್ಲ, ಈಚೀಚೆಗೆ ಇರಬೇಕು ಎಂದರಂತೆ ಊರಿನವರು. ಹಾಗಾದರೆ ಇನ್ನೂ ಬಗ್ಗುತ್ತಿದೆ, ಯಾವಾಗ ಬೇಕಾದರೂ ಕುಸಿಯಬಹುದು ಎಂದು ಬರೆದುಕೊಂಡು ಹೋದರು. ಮಕ್ಕಳನ್ನು ಪಕ್ಕದ ಸಮುದಾಯ ಭವನಕ್ಕೆ ಕಳಿಸಿ ಶಾಲೆಗೆ ಬೀಗ ಹಾಕಿದರು. ಬೇಸಿಗೆ ರಜೆಯಲ್ಲಿ ಕೆಡವುವುದೆಂದು ತೀರ್ಮಾನವಾಯಿತು.

ಅವತ್ತು ನಾವೆಲ್ಲ ಸೇರಿದ್ದೇ ಅದಕ್ಕೆ. ಕೆಡವುವ ಮುಂಚೆ ಹಳೇ ವಿದ್ಯಾರ್ಥಿಗಳೆಲ್ಲ ಶಾಲೆಯ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳೋಣ, ಬಾ ಎಂದು ತಮ್ಮ ಫೋನ್ ಮಾಡಿದ್ದ. ತುರುವೇಕೆರೆಯಲ್ಲಿ ನಮ್ಮದೊಂದು ನೋಟ್‌ಬುಕ್, ಪೆನ್ನು ಮಾರುವ ಅಂಗಡಿ ಇದೆ. ಅದನ್ನು ನಮ್ಮ ಯಜಮಾನರಿಗೆ ಒಪ್ಪಿಸಿ ಬೆಳಗಿನ ಬಸ್ಸಿಗೆ ಬಂದಿದ್ದೆ. ಅದೇ ದಿನ ಒಬ್ಬ ಇಂಜಿನಿಯರ್ ಹುಡುಗಿಯೂ ಬಂದಿದ್ದಳು. ತೊಲೆ, ಬಾಗಿಲು, ಕಿಟಕಿ ಎಲ್ಲವನ್ನೂ ಅಳೆದು ಹರಾಜಿಗೆ ಪಟ್ಟಿ ಮಾಡಿಕೊಳ್ಳುವುದು ಅವಳ ಕೆಲಸ. ಅವಳಿಗಾಗಿಯೇ ಅಟ್ಟ ಖಾಲಿ ಮಾಡಿಸುತ್ತಿದ್ದರು. ಹಾಗಾಗಿ ಕಾಯಿ ಇಳಿಯಿತು.

ಕ್ರಾಫ್ಟ್ ಮೇಷ್ಟ್ರು ನಮ್ಮ ಕಡೆಯವರಲ್ಲ, ಹಾಸನದ ಆಚೆಯವರು. ತೆಳ್ಳಗೆ, ಉದ್ದಕ್ಕೆ ಇದ್ದರು. ಕಿವಿಯ ಮೇಲೆ ಯಾವಾಗಲೂ ಬಡಗಿಗಳು ಇಟ್ಟುಕೊಳ್ಳುವ ಕೆಂಪು ಚಪ್ಪಟೆ ಪೆನ್ಸಿಲ್ಲು. ಶಾಲೆಯ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಇರುತ್ತಿದ್ದರು. ವಾರಕ್ಕೆ ಎರಡು ಪೀರಿಯಡ್ಡು ಅವರದ್ದು. ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುವುದು, ಗರಿಯಲ್ಲಿ ಚಾಪೆ ಹೆಣೆಯುವುದು, ಸ್ಕೇಲು ಹಿಡಿದು ಅಳೆಯುವುದು ಕಲಿಸುತ್ತಿದ್ದರು. ತೆಂಗಿನ ಸೀಮೆಯ ಮಕ್ಕಳಿಗೆ ಹಗ್ಗ ಹೊಸೆಯಲು ಪರ ಊರಿನವರು ಬಂದು ಕಲಿಸಬೇಕೇ ಎಂದು ನಮ್ಮಪ್ಪ ನಗುತ್ತಿದ್ದರು. ಆದರೆ ನನಗೆ ಹಗ್ಗ ಹೊಸೆಯಲು ಬರುತ್ತಲೇ ಇರಲಿಲ್ಲ. ನಾನು ಎಡಚಿ. ಬೇರೆ ಮೇಷ್ಟ್ರುಗಳೆಲ್ಲ ನನ್ನ ಎಡಗೈ ಗೆಣ್ಣಿಗೆ ಸ್ಕೇಲಿನಲ್ಲಿ ಬಾರಿಸಿ ಬಲಗೈ ಹಿಡಿಸಿದ್ದರು. ಎಡಗೈಯಲ್ಲಿ ಹೊಸೆದರೆ ಹಗ್ಗದ ಮುರಿ ಉಲ್ಟಾ ಬರುತ್ತದೆ, ಅದು ಅಪಶಕುನ ಎನ್ನುತ್ತಿದ್ದರು ಮನೆಯಲ್ಲಿ. ಕ್ರಾಫ್ಟ್ ಮೇಷ್ಟ್ರು ನನ್ನನ್ನು ಎಡಗೈಯಲ್ಲೇ ಹೊಸೆಯಲು ಬಿಟ್ಟರು. ಹೊಸೆದಾದ ಮೇಲೆ ಅದನ್ನು ಬಾವಿಯ ಕೊಡಕ್ಕೆ ಕಟ್ಟಿ, ಇಡೀ ಕ್ಲಾಸನ್ನು ಕರೆದು ನಿಲ್ಲಿಸಿ, ಎರಡು ಕೊಡ ನೀರು ಸೇದಿ ತೋರಿಸಿದರು. ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅವತ್ತಿನಿಂದ ನನಗೆ ಅವರೆಂದರೆ ಪ್ರಾಣ.

ಏಳನೇ ಕ್ಲಾಸು ಮುಗಿದರೆ ಹೈಸ್ಕೂಲಿಗೆ ತಿಪಟೂರಿಗೆ ಹೋಗಬೇಕಿತ್ತು. ನಮ್ಮಪ್ಪನಿಗೆ ನನ್ನನ್ನು ಬಸ್ಸಿನಲ್ಲಿ ಕಳಿಸುವ ಮನಸ್ಸಿರಲಿಲ್ಲ. ಕ್ರಾಫ್ಟ್ ಮೇಷ್ಟ್ರು ನಮ್ಮ ಮನೆಗೆ ಮೂರು ಸಲ ಬಂದರು. ಮೂರನೇ ಸಲ ಅಪ್ಪ, ಆಗಲಿ ನೋಡೋಣ ಎಂದರು. ನಮ್ಮಪ್ಪನ ಬಾಯಲ್ಲಿ ಆ ಮಾತು ಬಂತೆಂದರೆ ಮುಕ್ಕಾಲು ಪಾಲು ಒಪ್ಪಿದಂತೆಯೇ.

ಆ ವರ್ಷ ಎಲ್ಲರ ತೋಟದಲ್ಲೂ ಕಾಯಿ ಹೇರಳವಾಗಿ ಬಂದಿತ್ತು. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅಲುಗಾಡಿಸದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅದಕ್ಕೆ ನಮ್ಮ ಕಡೆ ಮನೆ ಕಟ್ಟುವಾಗ ಜನಕ್ಕಿಂತ ಮೊದಲು ಕಾಯಿಗೆ ಜಾಗ ಮಾಡುತ್ತಾರೆ. ನಮ್ಮ ಮನೆಯ ಅಟ್ಟ ತುಂಬಿತು. ಚಿಕ್ಕಪ್ಪನ ಮನೆಯ ಅಟ್ಟವೂ ತುಂಬಿತು. ಅಪ್ಪ ಆಗ ಶಾಲಾ ಕಮಿಟಿಯ ಮೆಂಬರು, ಶಾಲೆಯ ಬೀಗದ ಕೈ ನಮ್ಮ ಮನೆಯ ಗೂಟದಲ್ಲೇ ತೂಗುತ್ತಿತ್ತು. ಬೇಸಿಗೆ ರಜೆ ಬಂದಿತ್ತು. ಅಷ್ಟು ಗಟ್ಟಿಮುಟ್ಟಾದ ಅಟ್ಟ ಸುಮ್ಮನೆ ಖಾಲಿ ಬಿದ್ದಿದೆಯಲ್ಲ ಎಂದು ಅಪ್ಪನಿಗೆ ಅನ್ನಿಸಿದ್ದು ಸಹಜ. ನಾಲ್ಕು ಗಾಡಿ ಕಾಯಿ ಹೊಡೆಸಿ ಶಾಲೆಯ ಅಟ್ಟಕ್ಕೆ ಏರಿಸಿದರು. ಊರಲ್ಲಿ ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಬೇರೆ ಸೀಮೆಯವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮವರಿಗೆ ಖಾಲಿ ಅಟ್ಟವೇ ವಿಚಿತ್ರ.

ಜೂನ್ ಬಂತು, ಶಾಲೆ ತೆರೆಯಿತು. ಅಟ್ಟಕ್ಕೆ ಹಾಕಿದ ಕಾಯಿಯನ್ನು ನಡುವೆ ಇಳಿಸುವವರು ಯಾರು? ಅದು ಮೇಲೆ, ನಾವು ಕೆಳಗೆ. ಕ್ರಾಫ್ಟ್ ಮೇಷ್ಟ್ರು ರಜೆ ಮುಗಿಸಿ ಬಂದವರೇ ಅಪ್ಪನ ಹತ್ತಿರ ಹೋಗಿ, ಇದು ಮನೆಯ ಅಟ್ಟದ ಹಾಗಲ್ಲ, ಇಲ್ಲಿ ನಡುವೆ ಕಂಬವಿಲ್ಲ, ಇಳಿಸಿಬಿಡಿ ಎಂದು ಕೇಳಿಕೊಂಡರಂತೆ. ಅಪ್ಪ ಕೇಳಿಸಿಕೊಂಡರು, ಕೇಳಿಸಿಕೊಂಡದ್ದಷ್ಟೇ.

ಶ್ರಾವಣದ ಒಂದು ಮಧ್ಯಾಹ್ನ. ಮೂರು ದಿನದಿಂದ ಮಳೆ ಜಿನುಗುತ್ತಿತ್ತು. ನಾವು ದೊಡ್ಡ ಕೊಠಡಿಯಲ್ಲಿ ಗರಿ ಹೆಣೆಯುತ್ತಿದ್ದೆವು. ತಲೆಯ ಮೇಲೆ ಮರ ನರಳಿದ ಹಾಗೆ ಒಂದು ಸದ್ದು ಬಂತು. ನಮಗೆ ಅದು ಏನೂ ಅಲ್ಲ, ನಮ್ಮ ಮನೆಗಳ ಅಟ್ಟವೂ ಆಗಾಗ ಹಾಗೆಯೇ ಕುಂಯ್ ಎನ್ನುತ್ತಿತ್ತು. ಮೇಷ್ಟ್ರು ಮಾತ್ರ ಪೆನ್ಸಿಲ್ಲು ಕೆಳಗಿಟ್ಟು ಮೇಲೆ ನೋಡಿದರು. ಹೆದರಿಸದೆ, ಗದರದೆ, ಒಂದೊಂದು ಸಾಲಾಗಿ ನಮ್ಮನ್ನು ಎಬ್ಬಿಸಿ ಹೊರಗಿನ ಜಗುಲಿಗೆ ಕಳಿಸಿದರು. ಆಮೇಲೆ ಎರಡು ಅಡಿಕೆಮರದ ಕಂಬ ತಂದು ತೊಲೆಗೆ ಕೆಳಗಿನಿಂದ ಊರೆ ಕೊಟ್ಟು, ಏಣಿ ಹಾಕಿ ತಾವೇ ಅಟ್ಟ ಹತ್ತಿದರು. ಅವರು ಮೇಲಿನಿಂದ ಒಂದೊಂದು ಕಾಯಿ ಕೊಡುವುದು, ಹೆಡ್‌ಮೇಷ್ಟ್ರು ಏಣಿಯ ಮೇಲೆ ನಿಂತು ತೆಗೆದುಕೊಳ್ಳುವುದು, ಬಾಗಿಲಿನಾಚೆಯಿಂದ ನಾವು ಸಾಲಾಗಿ ನಿಂತು ದಾಟಿಸುವುದು. ಸಂಜೆಯ ಹೊತ್ತಿಗೆ ಅಟ್ಟ ಖಾಲಿಯಾಯಿತು. ಖಾಲಿಯಾಯಿತು ಎಂದುಕೊಂಡೆವು, ಭೂಪಟಗಳ ಹಿಂದೆ ಒಂದು ಉಳಿದಿತ್ತು. ಜಗುಲಿಯಲ್ಲಿ ಹಿಡಿಸಿದಷ್ಟು ಇಟ್ಟು ಉಳಿದದ್ದನ್ನು ಅಂಗಳಕ್ಕೆ ಹಾಕಬೇಕಾಯಿತು. ಮಳೆ ಜೋರಾಯಿತು. ಅರ್ಧ ಇಂಗಿದ್ದ ಕಾಯಿಗಳು ನೆನೆದು ಕೊಳೆತವು.

ಅಪ್ಪ ಬಂದು ನೋಡಿದರು. ನನಗೆ ಅವರ ಕೋಪ ಗೊತ್ತಿತ್ತು, ಅವತ್ತಿನದು ಬೇರೆಯದೇ ಆಗಿತ್ತು. ಕೂಗಾಡಲಿಲ್ಲ. ಕಾಯಿ ರಾಶಿಯನ್ನು ಒಂದು ಸುತ್ತು ಬಂದರು. ಮೇಷ್ಟ್ರ ಮುಖವನ್ನು ಒಮ್ಮೆ ನೋಡಿ ಛತ್ರಿ ಬಿಚ್ಚಿಕೊಂಡು ಹೊರಟುಹೋದರು.

ತಿಂಗಳೊಳಗೆ ತುಮಕೂರಿನಿಂದ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಸರ್ಕಾರದ ಕಟ್ಟಡದ ತೊಲೆ ಬಗ್ಗಿದೆ, ಕಾರಣ ಏನು ಎಂದು ಕೇಳಿದರು. ಕಮಿಟಿಯವರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾವು ಅದೇ ಕೊಠಡಿಯ ಒಂದು ಮೂಲೆಯಲ್ಲಿ ಕೈಕಟ್ಟಿ ಕೂತಿದ್ದೆವು. ಅಪ್ಪ ಎದ್ದು ನಿಂತು ಹೇಳಿದರು, "ಕ್ರಾಫ್ಟ್ ಮೇಷ್ಟ್ರು ಈ ತೊಲೆಗೆ ಕೊಕ್ಕೆ ಬಡ್ದು ಹುಡುಗ್ರ ಕೈಲಿ ಹಗ್ಗ ಎಳೆಸ್ತಾರೆ ಸ್ವಾಮಿ. ದಿನಾ ಎಳ್ದು ಎಳ್ದು ಬಗ್ಗೈತೆ."

ಕೊಕ್ಕೆ ಇದ್ದದ್ದು ನಿಜ. ಹೊಸೆದ ಹಗ್ಗವನ್ನು ಬಿಗಿ ಮಾಡಲು ನಾವು ಅದಕ್ಕೆ ಸಿಕ್ಕಿಸಿ ಎಳೆಯುತ್ತಿದ್ದದ್ದೂ ನಿಜ. ಆನೆ ಗಾತ್ರದ ತೊಲೆಯನ್ನು ಹನ್ನೆರಡು ವರ್ಷದ ಮಕ್ಕಳು ಎಳೆದು ಬಗ್ಗಿಸಿದರು ಎಂದರೆ ಯಾರು ನಂಬುತ್ತಾರೆ ಎಂದುಕೊಂಡೆ. ಸಾಹೇಬರು ಮೇಷ್ಟ್ರ ಕಡೆ ತಿರುಗಿ, ಹೌದೇನ್ರೀ ಎಂದರು. ಮೇಷ್ಟ್ರ ಕಣ್ಣು ನಮ್ಮ ಸಾಲಿನ ಮೇಲೆ ಹಾದು ನನ್ನ ಹತ್ತಿರ ಬಂದು ಒಂದು ಗಳಿಗೆ ನಿಂತಿತು. ಆಮೇಲೆ ತಲೆ ತಗ್ಗಿಸಿ, "ಇರಬೌದು ಸಾರ್" ಎಂದರು. ಹೆಡ್‌ಮೇಷ್ಟ್ರು ಕೆಮ್ಮಿದರು. ಬೇರೆ ಯಾರೂ ಏನೂ ಹೇಳಲಿಲ್ಲ. ಸಾಹೇಬರು ಬರೆದುಕೊಂಡರು.

ಯಾಕೆ ಹಾಗೆಂದರು? ಎಷ್ಟೋ ವರ್ಷ ಯೋಚಿಸಿದ್ದೇನೆ. ಅವರು ನಿಜ ಹೇಳಿದ್ದರೆ ಅಪ್ಪ ತುಂಬಿದ ಸಭೆಯಲ್ಲಿ ತಲೆ ತಗ್ಗಿಸಬೇಕಿತ್ತು. ಹಾಗೆ ತಲೆ ತಗ್ಗಿಸಿದ ಮನುಷ್ಯ ಅದೇ ಮೇಷ್ಟ್ರ ಮಾತಿಗೆ ಮಗಳನ್ನು ತಿಪಟೂರಿನ ಹೈಸ್ಕೂಲಿಗೆ ಕಳಿಸುತ್ತಿರಲಿಲ್ಲ. ನನಗೆ ಅನ್ನಿಸುವುದು ಇಷ್ಟೇ. ಬೇರೆ ಕಾರಣವೂ ಇದ್ದಿರಬಹುದು... ಪರ ಊರಿನ ಒಂಟಿ ಮನುಷ್ಯ, ಎದುರು ಹಾಕಿಕೊಂಡು ಇರಲು ಆಗುತ್ತಿರಲಿಲ್ಲ ಎಂದೂ ಇರಬಹುದು. ಆದರೆ ಆ ಕಣ್ಣು ನನ್ನ ಮೇಲೆ ನಿಂತದ್ದನ್ನು ನಾನು ಮರೆತಿಲ್ಲ. ಮುಂದಿನ ವರ್ಷ ನಾನು ಹೈಸ್ಕೂಲಿಗೆ ಹೋದೆ.

ಅವರಿಗೆ ವರ್ಗವಾಯಿತು. ಚಿಕ್ಕನಾಯಕನಹಳ್ಳಿಯ ಆಚೆ ಯಾವುದೋ ಕುಗ್ರಾಮಕ್ಕೆ. ಹೊರಡುವ ಹಿಂದಿನ ದಿನ ಕೊನೆಯ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಏಣಿ ತರಿಸಿದರು. ಊರೆ ಕೊಟ್ಟಿದ್ದ ಕಂಬಗಳನ್ನು ತೆಗೆದಿದ್ದರು. ತೊಲೆಯ ಪಕ್ಕಕ್ಕೆ ಎರಡು ತುದಿಯಲ್ಲೂ ಒಂದೊಂದು ಹಿತ್ತಾಳೆ ಮೊಳೆ ಹೊಡೆದರು. ಒಂದರಿಂದ ಇನ್ನೊಂದಕ್ಕೆ ದಾರ ಎಳೆದು ತಂತಿಯ ಹಾಗೆ ಬಿಗಿದರು. ತೊಲೆ ಬಗ್ಗಿದೆ, ದಾರ ನೆಟ್ಟಗಿದೆ. ನಟ್ಟನಡುವೆ ದಾರ ತೊಲೆಯ ಮೇಲೆ ಎಲ್ಲಿ ಹಾದುಹೋಗುತ್ತದೋ ಅಲ್ಲಿ ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಗುರುತು ಹಾಕಿದರು. ಆಮೇಲೆ ಉಳಿ ತೆಗೆದುಕೊಂಡು ಅದೇ ಗುರುತಿನ ಮೇಲೆ ಗೇಣುದ್ದದ ಒಂದು ಸಣ್ಣ ಗೆರೆ ಗೀರಿದರು. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಏಣಿ ಹತ್ತಿಸಿ ತೋರಿಸಿದರು.

"ನೋಡ್ರಪ್ಪ, ಇದು ಬಗ್ಗೈತೆ, ಆದ್ರೆ ಈಗ ನಿಂತೈತೆ," ಎಂದರು. "ಭಾರ ತೆಗ್ದಾಯ್ತು. ತೇಗದ ಮರ, ಇನ್ನು ಬಗ್ಗಲ್ಲ ಅಂತ ನನ್ನ ಲೆಕ್ಕ. ಆದ್ರೂ ಅನುಮಾನ ಬಂದಾಗ ಈ ಮೊಳೆಗೆ ದಾರ ಕಟ್ಟಿ ನೋಡಿ. ದಾರ ಗೆರೆ ಮೇಲೇ ಕೂತ್ರೆ ಹೆದರ್ಕೋಬೇಡಿ. ಗೆರೆಗಿಂತ ಮೇಲಕ್ಕೋದ್ರೆ ಮಕ್ಕಳನ್ನ ಆಚೆ ಕಳ್ಸಿ."

ದಾರ ಬಿಚ್ಚಿ ಸುತ್ತಿ ಜೇಬಿಗಿಟ್ಟುಕೊಂಡರು. ಮಾರನೇ ದಿನ ಬೆಳಗಿನ ಬಸ್ಸಿಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಾಕಿಕೊಂಡು ಹೋದರು. ಬಸ್ಸಿನ ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ.

ಇದಾದ ಇಪ್ಪತ್ತು ವರ್ಷಕ್ಕೆ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಿದರು. ನಾನು ಅಂಗಡಿಗೆ ಸಾಮಾನು ಹಾಕಿಸಿಕೊಂಡು ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದೆ. ತಲೆ ಪೂರ್ತಿ ನರೆತಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಕಿವಿಯ ಮೇಲೆ ಪೆನ್ಸಿಲ್ಲು ಇರಲಿಲ್ಲ, ಆದರೂ ಗುರುತು ಸಿಕ್ಕಿತು. ಸಿಕ್ಕಿದ್ದೇ ಕಂಬದ ಮರೆಗೆ ಸರಿದೆ. ನಮ್ಮಪ್ಪ ಮಾಡಿದ್ದು ನೆನಪಾಗಿ ಮುಖ ತೋರಿಸಲು ನಾಚಿಕೆಯಾಗಿತ್ತು. ಅವರೇ ಹತ್ತಿರ ಬಂದರು. ನಾನು ಎಡಗೈಯಲ್ಲಿ ಚೀಟಿ ಬರೆಯುತ್ತಿದ್ದುದನ್ನು ಅವರು ದೂರದಿಂದಲೇ ಕಂಡಿದ್ದರು. ಹೇಗಿದ್ದೀಯ, ಎಲ್ಲಿ ಕೊಟ್ಟಿದ್ದಾರೆ, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸಿದರು. ಅಪ್ಪ ಹೇಗಿದ್ದಾರೆ ಎಂದೂ ಕೇಳಿದರು. ತೀರಿಕೊಂಡರು ಸಾರ್ ಎಂದೆ. ಅಯ್ಯೋ ಎಂದರು, ನಿಜವಾಗಿ ನೊಂದುಕೊಂಡ ಹಾಗೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ಕೇಳಿದರು.

"ಆ ಗೆರೆ ಹೆಂಗೈತಮ್ಮ?"

"ಹಂಗೇ ಐತೆ ಸಾರ್."

"ದಾರ ಕಟ್ಟಿ ನೋಡಿದ್ರಾ?"

"ನೋಡಿದೀವಿ ಸಾರ್."

ಅವರ ಮುಖ ಅರಳಿತು. ತಲೆಯಾಡಿಸಿ ಒಳಗೆ ಹೋದರು. ನಾನು ಹೇಳಿದ್ದು ಹಸಿ ಸುಳ್ಳು. ಅವರು ಹೋದ ಮೇಲೆ ಆ ಮೊಳೆಗೆ ಯಾರೂ ದಾರ ಕಟ್ಟಿರಲಿಲ್ಲ. ನಾನಂತೂ ಆ ಕೊಠಡಿಯ ಒಳಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಅವರನ್ನು ಖುಷಿಪಡಿಸಲು ಹೇಳಿದೆನೋ, ಮಾತು ಮುಗಿಸಲು ಹೇಳಿದೆನೋ... ಬಸ್ಸು ಹೋದ ಮೇಲೆ ಬಹಳ ಹೊತ್ತು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಕಾಯಿ ಹಿಡಿದುಕೊಂಡು ನಿಂತಿದ್ದಾಗ ಇದೆಲ್ಲ ಒಟ್ಟಿಗೆ ನುಗ್ಗಿ ಬಂತು. ಇಂಜಿನಿಯರ್ ಹುಡುಗಿ ತೊಲೆಯ ಉದ್ದ ಅಳೆಸಿ ಬರೆದುಕೊಳ್ಳುತ್ತಿದ್ದಳು. ತಮ್ಮ ಫೋಟೋಗೆ ಎಲ್ಲರನ್ನೂ ಕರೆಯುತ್ತಿದ್ದ. ಈಗ ಬಾಯಿ ಬಿಟ್ಟರೆ ನಮ್ಮಪ್ಪನ ಹೆಸರು ಊರ ಮುಂದೆ ಹೋಗುತ್ತದೆ. ಬಿಡದಿದ್ದರೆ ಶಾಲೆ ಹೋಗುತ್ತದೆ. ಇನ್ನೊಂದು ಹೆದರಿಕೆಯೂ ಇತ್ತು. ಬಾಯಿ ಬಿಟ್ಟು, ದಾರ ಕಟ್ಟಿ, ಅದು ಗೆರೆಗಿಂತ ಮೇಲೆ ಹೋದರೆ ಎರಡೂ ಹೋಗುತ್ತವೆ. ಇಂಜಿನಿಯರ್ ಹುಡುಗಿ ಪುಸ್ತಕ ಮುಚ್ಚಿದಳು. ನಾನು ಹೋಗಿ ಅವಳ ಮುಂದೆ ನಿಂತೆ.

ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಈ ತೊಲೆ ಈಚೆಗೆ ಬಗ್ಗಿದ್ದಲ್ಲ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬಗ್ಗಿದ್ದು, ಬಗ್ಗಿಸಿದ್ದು ನಮ್ಮ ತೋಟದ ಕಾಯಿ, ಹಾಕಿಸಿದ್ದು ನಮ್ಮಪ್ಪ, ಮೇಷ್ಟ್ರ ಮೇಲೆ ಹೊರಿಸಿದ್ದೂ ನಮ್ಮಪ್ಪ ಎಂದೆ. ಕೈಯಲ್ಲಿದ್ದ ಕಾಯಿಯನ್ನು ಅವಳ ಮೇಜಿನ ಮೇಲಿಟ್ಟೆ. ಮೊಳೆಯ ವಿಷಯ, ಗೆರೆಯ ವಿಷಯ ಹೇಳಿದೆ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ತಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆಗ ಹಿಂದಿನಿಂದ ನನ್ನ ಕ್ಲಾಸಿನವನೇ ಒಬ್ಬ, ಈಗ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುವವನು, ಅಕ್ಕ ಹೇಳ್ತಿರೋದು ದಿಟ ಕಣ್ರೀ, ಕಾಯಿ ಇಳಿಸಿದ ಸಾಲಿನಲ್ಲಿ ನಾನೂ ನಿಂತಿದ್ದೆ ಎಂದ. ಇನ್ನೊಬ್ಬರು ಹೂಂ ಎಂದರು. ಇಷ್ಟು ವರ್ಷ ಇವರ ಬಾಯಿಗೆ ಬೀಗ ಹಾಕಿದ್ದವಳು ನಾನೇ ಏನೋ ಎನ್ನಿಸಿತು.

ತಮ್ಮ ಹತ್ತಿರ ಬಂದು, "ಇದನ್ನ ಮೊದ್ಲೇ ನಂಗೆ ಹೇಳ್ಬಾರದಾಗಿತ್ತಾ ಅಕ್ಕ?" ಎಂದ. ಅವನ ಕಣ್ಣಲ್ಲಿ ನೋವಿತ್ತು, ಸಿಟ್ಟು ಇರಲಿಲ್ಲ. ಉತ್ತರಕ್ಕೆ ಕಾಯದೆ ಮನೆಯ ಕಡೆ ಹೊರಟ. ಬೇಜಾರಾಗಿ ಹೋದ ಎಂದುಕೊಂಡೆ. ಹತ್ತು ನಿಮಿಷಕ್ಕೆ ನಮ್ಮ ತೋಟದ ಉದ್ದನೆಯ ಏಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ.

ಮೊಳೆಗಳು ಇದ್ದವು. ಮೇಲೆ ಎರಡು ಮೂರು ಪದರ ಬಣ್ಣ ಬಳಿದಿದ್ದರು, ಕೆರೆದರೆ ಒಳಗೆ ಹಿತ್ತಾಳೆ ಹೊಳೆಯಿತು. ಇಂಜಿನಿಯರ್ ಹುಡುಗಿ ತನ್ನ ಚೀಲದಿಂದ ದಾರ ತೆಗೆದಳು. ಒಂದು ತುದಿಗೆ ಅವಳು ಕಟ್ಟಿದಳು, ಇನ್ನೊಂದು ತುದಿಗೆ ತಮ್ಮ ಕಟ್ಟಿ ಎಳೆದ. ಆಮೇಲೆ ಏಣಿಯನ್ನು ನಡುವಿಗೆ ತಂದರು. ತಮ್ಮ ಕೆಳಗೆ ಹಿಡಿದುಕೊಂಡ, ಅವಳು ಹತ್ತಿದಳು. ಬಣ್ಣವನ್ನು ಉಗುರಿನಿಂದ ಕೆರೆದಳು. ಬ್ಯಾಟರಿ ಬಿಟ್ಟು ನೋಡಿದಳು. ಇನ್ನೊಂದು ಸಲ ದಾರ ಮಿಡಿದು ನೋಡಿದಳು. ಅಷ್ಟು ಹೊತ್ತು ನಾನು ನಮ್ಮೂರ ದೇವರು ಶಂಭುಲಿಂಗನನ್ನು ನೆನೆಯುತ್ತಾ ಕಾಯಿ ಇಟ್ಟಿದ್ದ ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ.

"ಗೆರೆ ಮೇಲೇ ಕೂತಿದೆ ಮೇಡಂ," ಎಂದಳು ಮೇಲಿನಿಂದ. "ಕೂದಲಷ್ಟೂ ಆಚೀಚೆ ಆಗಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ನಗುವೂ ಬಂತು. ಕೊಬ್ಬರಿ ವ್ಯಾಪಾರದವನು ಯಾರಿಂದಲೋ ನೀರು ಇಸಿದುಕೊಂಡು ತಂದುಕೊಟ್ಟ. ಎದೆಯ ಮೇಲೆ ನಲವತ್ತು ವರ್ಷದಿಂದ ಕೂತಿದ್ದ ಒಂದು ಮೂಟೆಯನ್ನು ಇಳಿಸಿದ ಹಾಗಾಗಿತ್ತು.

ಒಂದು ದಾರದಿಂದ ಸರ್ಕಾರದ ಕಾಗದ ಬದಲಾಗುವುದಿಲ್ಲ ಎಂದು ಇಂಜಿನಿಯರ್ ಹುಡುಗಿ ಮೊದಲೇ ಹೇಳಿದಳು. ಆದರೆ ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿದಳು. ಬಗ್ಗು ಹಳೆಯದು, ಮುಂದುವರಿದಿಲ್ಲ ಎಂದು ಬರೆದು, ಮರಕ್ಕೆ ಗೆದ್ದಲು ಹಿಡಿದಿದೆಯೋ ಎಂದು ಪರೀಕ್ಷಿಸುವವರನ್ನು ಕರೆಸಿದಳು. ಗೆದ್ದಲು ಇರಲಿಲ್ಲ. ತಮ್ಮ ತಿಪಟೂರಿಗೂ ತುಮಕೂರಿಗೂ ಓಡಾಡಿ ಚಪ್ಪಲಿ ಸವೆಸಿದ. ಹೊಸ ಕೊಠಡಿಗಳನ್ನು ಹಿಂದಿನ ಬಯಲಿನಲ್ಲಿ ಕಟ್ಟುವುದು, ಹಳೆಯದನ್ನು ರಿಪೇರಿ ಮಾಡಿ ಉಳಿಸುವುದು ಎಂದು ಕೊನೆಗೆ ಆದೇಶ ಬಂತು. ಫೋನಿನಲ್ಲಿ ಅದನ್ನು ನನಗೆ ಎರಡು ಸಲ ಓದಿ ಹೇಳಿದ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ಕೇಳಿದೆ. ಬುಡಕ್ಕ, ಅವರೂ ಈ ಶಾಲೇಲೇ ಓದಿದವರಲ್ವಾ ಎಂದ.

ಈ ಜೂನ್‌ನಲ್ಲಿ ಮಕ್ಕಳು ಹಳೇ ಶಾಲೆಗೆ ವಾಪಸು ಬಂದರು. ಹೆಂಚು ಬದಲಾಗಿದೆ. ಗೋಡೆಗೆ ಮತ್ತೆ ಸುಣ್ಣದ ಗಾರೆಯನ್ನೇ ಹಾಕಿದ್ದಾರೆ. ಅಟ್ಟಕ್ಕೆ ಬೀಗ ಬಿದ್ದಿದೆ, ಬೀಗದ ಕೈ ಹೆಡ್‌ಮೇಡಂ ಹತ್ತಿರ ಇದೆ. ಇನ್ನು ಮೇಲೆ ಅಲ್ಲಿಗೆ ಕಾಯಿ ಹೋಗುವುದಿಲ್ಲ ಎಂದು ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ. ನಾನೂ ನಗುತ್ತೇನೆ. ನಮ್ಮಪ್ಪನ ವಿಷಯಕ್ಕೆ ಊರು ಹೀಗೆ ನಗಬಲ್ಲದು ಎಂದು ಮೊದಲೇ ಗೊತ್ತಿದ್ದರೆ ಇಷ್ಟು ವರ್ಷ ಹೆದರುತ್ತಿರಲಿಲ್ಲ.

ಶಾಲೆ ತೆರೆಯುವ ದಿನ ಕ್ರಾಫ್ಟ್ ಮೇಷ್ಟ್ರನ್ನು ಕರೆಸಿ ಶಾಲು ಹೊದಿಸಬೇಕೆಂದು ತಮ್ಮ ಹಟ ಹಿಡಿದಿ‌ದ್ದ. ಬೈಕಿನಲ್ಲಿ ಚಿಕ್ಕನಾಯಕನಹಳ್ಳಿಯ ಆಚೆಗೆಲ್ಲ ಸುತ್ತಾಡಿ, ಅವರು ಬಾಡಿಗೆಗಿದ್ದ ಮನೆಯನ್ನು ಹುಡುಕಿದ. ಸಂಜೆ ಬಂದವನು ಹೆಲ್ಮೆಟ್ಟು ತೆಗೆಯದೆ ಜಗುಲಿಯ ಮೇಲೆ ಕೂತ. "ಹೋಗ್ಬುಟ್ಟವ್ರೆ ಅಕ್ಕ," ಎಂದ. "ಹನ್ನೊಂದು ವರ್ಷ ಆಯ್ತಂತೆ." ನನಗೆ ಒಳಗೊಳಗೇ ಗೊತ್ತಿತ್ತು, ಅವರ ವಯಸ್ಸಿಗೆ ಇನ್ನೇನು ಎಂದು. ನಿಜ ಹೇಳುವ ಹೊತ್ತಿಗೆ ಕೇಳಬೇಕಾದವರೇ ಇರಲಿಲ್ಲ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಅಂಗಡಿಯಿಂದ ಒಂದು ಕೆಂಪು ಚಪ್ಪಟೆ ಪೆನ್ಸಿಲ್ಲು, ಒಂದು ಉಂಡೆ ದಾರ ತೆಗೆದುಕೊಂಡು ಹೋಗಿದ್ದೆ. ವರ್ಷಕ್ಕೊಮ್ಮೆ ದಾರ ಕಟ್ಟಿ ನೋಡುವುದು ಈಗ ಶಾಲೆಯ ನಿಯಮ, ಈ ಸಲ ನಾನೇ ನೋಡುತ್ತೇನೆ ಎಂದು ಮೊದಲೇ ಹೇಳಿದ್ದೆ. ಈ ವಯಸ್ಸಿನಲ್ಲಿ ಏಣಿ ಹತ್ತುತ್ತೀಯ ಎಂದು ತಮ್ಮ ಗೊಣಗಿದ, ಆದರೂ ಕೆಳಗೆ ಹಿಡಿದುಕೊಂಡ. ದಾರವನ್ನು ಎರಡು ಮೊಳೆಗೂ ಕಟ್ಟಿಸಿ ಬಿಗಿದು, ನಡುವೆ ಏಣಿ ಹತ್ತಿದೆ. ಮರದ ಮೇಲೆ ಉಳಿಯ ಗೆರೆ ತೆಳ್ಳಗೆ, ಗೇಣುದ್ದ, ಅವರು ಬಿಟ್ಟುಹೋದ ಹಾಗೆಯೇ ಇತ್ತು. ದಾರ ಅದರ ಮೇಲೆ ಕೂತಿತ್ತು. ಪೆನ್ಸಿಲ್ಲನ್ನು ಎಡಗೈಯಲ್ಲಿ ಹಿಡಿದು ಗೆರೆಯ ಪಕ್ಕ ಆ ದಿನದ ತಾರೀಖು ಬರೆದೆ.

ಕೆಳಗಿನಿಂದ ತಮ್ಮ, ಹೆಂಗೈತಕ್ಕ ಎಂದ. ನಾನು ಅವನಿಗಲ್ಲ, ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ನಿಂತಿದ್ದವರಿಗೆ ಉತ್ತರ ಕೊಟ್ಟೆ.

"ಹಂಗೇ ಐತೆ ಸಾರ್," ಎಂದೆ. ಈ ಸಲ ನೋಡಿಯೇ ಹೇಳಿದೆ.